ಕೈಕಟ್ಟಕ್ಕ

ನಮ್ಮಕ್ಕ ಮಹಾ ಹಟಮಾರಿ. ಈ ಮಾತನ್ನು ನಾನು ಹೇಳಬಹುದು, ಬೇರೆಯವರು ಹೇಳಿದರೆ ಸಿಟ್ಟು ಬರುತ್ತದೆ.

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಮೆಟ್ಟಿಲ ಪಕ್ಕ, ಬರವಣಿಗೆ ಕೇಂದ್ರ ಅಂತ ಒಂದು ಕೋಣೆಯಿದೆ. ಮನೆಯಲ್ಲಿ ಒಂದು ಭಾಷೆ ಆಡಿ ಬೆಳೆದು, ಇಲ್ಲಿ ಇನ್ನೊಂದರಲ್ಲಿ ಬರೆಯಬೇಕಾಗಿ ಬಂದವರು ಅಲ್ಲಿಗೆ ಬರುತ್ತಾರೆ. ಅಕ್ಕ ಅವರೆದುರು ಕೈಕಟ್ಟಿ ಕೂರುತ್ತಾಳೆ. ಯಾರ ಹಾಳೆಯನ್ನೂ ಮುಟ್ಟುವುದಿಲ್ಲ, ಪೆನ್ನು ಹಿಡಿಯುವುದಿಲ್ಲ. ಹಾಗಾಗಿ ಹುಡುಗರು ಇಟ್ಟ ಹೆಸರು ಕೈಕಟ್ಟಕ್ಕ. "ಕೈಕಟ್ಟಿ ಕೂರೋದಕ್ಕೂ ಸಂಬಳ ಕೊಡ್ತಾರಲ್ಲೇ!" ಅಂತ ನಾನು ರೇಗಿಸುತ್ತೇನೆ. ನನ್ನ ಮೇಜು ಗ್ರಂಥಾಲಯದಲ್ಲೇ, ನಡುವೆ ಬರೀ ಪ್ಲೈವುಡ್ ಗೋಡೆ. ಅಲ್ಲಿ ಕೆಮ್ಮಿದರೂ ಇಲ್ಲಿ ಕೇಳುತ್ತದೆ.

ಒಂದು ಮಧ್ಯಾಹ್ನ ಆ ಕಡೆ ಯಾರೋ ಬಿಕ್ಕಿ ಬಿಕ್ಕಿ ಅಳುವುದು ಕೇಳಿ ಎದ್ದು ಹೋದೆ. ಅಳುತ್ತಿದ್ದವಳು ವರ್ಷಗಟ್ಟಲೆ ನರ್ಸಾಗಿ ದುಡಿದು ಮತ್ತೆ ಓದಲು ಬಂದವಳು. ಆಪರೇಷನ್ ಆದವರು ನೋವಿದ್ದರೂ ಮಾತ್ರೆ ಯಾಕೆ ಕೇಳುವುದಿಲ್ಲ ಎಂಬುದು ಅವಳ ಪ್ರಬಂಧ. ಕೊನೆಯ ಅಧ್ಯಾಯವನ್ನು ಪ್ರೊಫೆಸರು ವಾಪಸು ಕೊಟ್ಟಿದ್ದರು. ಬರೀ ಪುಸ್ತಕಗಳಿಂದ ಎತ್ತಿ ಜೋಡಿಸಿದ ಮಾತು, ನಿಮ್ಮದು ಒಂದೂ ಇಲ್ಲ, ಸೋಮವಾರದೊಳಗೆ ಹೊಸದಾಗಿ ಬರೆದು ತರದಿದ್ದರೆ ಪದವಿ ಮರೆತುಬಿಡಿ ಅಂದಿದ್ದರಂತೆ.

"ಅಕ್ಕಾ, ನೀವೇ ಬರೆದುಕೊಡಿ. ನನ್ನ ಮಾತು ಇಲ್ಲೆಲ್ಲ ನಡೆಯಲ್ಲ," ಅಂದಳು ನರ್ಸು.

ಅಕ್ಕ ಆಗುವುದಿಲ್ಲವೆಂದು ತಲೆ ಅಲ್ಲಾಡಿಸಿದಳು. "ಬಾರಮ್ಮ, ನಾನು ಬರೆದುಕೊಡ್ತೀನಿ," ಎಂದೆ.

"ನೀನು ಸುಮ್ನಿರೇ," ಅಕ್ಕ ಗದರಿದಳು. "ವೈವಾದಲ್ಲಿ ಪ್ರಶ್ನೆ ಕೇಳ್ದಾಗ ಉತ್ತರ ಕೊಡೋಕೂ ನೀನೇ ಹೋಗ್ತೀಯಾ?" ಆಮೇಲೆ ನರ್ಸಿನ ಕಡೆ ತಿರುಗಿ, "ಬರೆದದ್ದು ಮುಚ್ಚಿಡಿ. ನಿಮ್ಮ ಭಾಷೇಲಿ ಹೇಳಿ," ಎಂದಳು.

"ನಿಮಗೆ ಅರ್ಥ ಆಗಲ್ವಲ್ಲ?"

"ಆಗಲ್ಲ. ಹೇಳಿ."

ನರ್ಸು ಕಣ್ಣೊರೆಸಿಕೊಂಡು ಶುರು ಮಾಡಿದಳು. ಮೊದಲು ತಡವರಿಸಿದಳು, ಆಮೇಲೆ ಮಾತು ಸರಾಗವಾಗಿ ಹರಿಯಿತು, ಕೈಗಳೂ ಆಡತೊಡಗಿದವು. ಇದ್ದಕ್ಕಿದ್ದಂತೆ ನಡುವೆ ಒಂದಿಷ್ಟು ಇಲ್ಲಿನ ಪಠ್ಯಪುಸ್ತಕದ ಪದಗಳು ಹಾಗ್ಹಾಗೇ ಬಂದವು, ಕೈ ನಿಂತಿತು. ಅಕ್ಕ ಅಲ್ಲೇ ತಡೆದಳು.

"ಇಲ್ಲಿ ಯಾಕೆ ಪುಸ್ತಕದ ಮಾತು ಬಂತು?"

ನರ್ಸು ಯೋಚಿಸಿದಳು. "ಅದು... ನನಗೇ ಸರಿಯಾಗಿ ಗೊತ್ತಿಲ್ಲ."

"ಗೊತ್ತಿರೋದೇನು, ಅದು ಹೇಳಿ."

"ನಾವು ಒಂದೇ ಸಮ ಓಡಾಡೋದು ರೋಗಿಗಳ ಕಣ್ಣಿಗೆ ಬೀಳತ್ತೆ. ಕರೆದ್ರೆ ನಮಗೆ ತೊಂದ್ರೆ ಅಂತ ನೋವು ನುಂಗ್ಕೋತಾರೆ. ನಾವೇ ಹೋಗಿ ಮಂಚದ ಪಕ್ಕ ಕೂತ್ರೆ ಹೇಳ್ತಾರೆ. ನಿಂತ್ಕೊಂಡು ಕೇಳಿದ್ರೆ ಹೇಳಲ್ಲ."

"ಅದನ್ನೇ ಬರೀರಿ."

ವಾರವಿಡೀ ಇದೇ ನಡೆಯಿತು. ಹೇಳುವುದು, ನಿಲ್ಲುವುದು, ಬರೆಯುವುದು, ಹರಿದೆಸೆಯುವುದು. ಒಂದು ದಿನ ನರ್ಸು ರೋಸಿಹೋಗಿ, "ನಿಮ್ಮದು ಕಲ್ಲು ಮನಸ್ಸು," ಎಂದು ಬಾಗಿಲು ದಡಾರನೆ ಹಾಕಿಕೊಂಡು ಹೋದಳು. ನನಗೂ ಹಾಗೇ ಅನ್ನಿಸಿತ್ತು. ಮರುದಿನ ತಾನಾಗಿಯೇ ಬಂದಳು. ಸೋಮವಾರ ಅಧ್ಯಾಯ ಕೊಟ್ಟಳು.

ವೈವಾದ ದಿನ ನಾವಿಬ್ಬರೂ ಹಿಂದಿನ ಬೆಂಚಿನಲ್ಲಿ ಕೂತೆವು. ಪ್ರೊಫೆಸರು ಹಳೆಯ ಅಧ್ಯಾಯವನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು, "ಒಂದಕ್ಕೊಂದು ಸಂಬಂಧಾನೇ ಇಲ್ಲ. ಇದನ್ನ ಯಾರು ಬರೆದುಕೊಟ್ರು?" ಎಂದು ಕೇಳಿದರು.

ನರ್ಸು ತಿರುಗಿ ಅಕ್ಕನನ್ನು ನೋಡಿದಳು. ಅಕ್ಕ ಕಟ್ಟಿದ ಕೈ ಬಿಡಲಿಲ್ಲ, ಆದರೆ ಅವಳ ಉಗುರು ಮೊಣಕೈಗೆ ನಾಟಿದ್ದು ಪಕ್ಕದಲ್ಲಿದ್ದ ನನಗೆ ಕಾಣುತ್ತಿತ್ತು. ನನಗೆ ಅವಳ ಮೇಲೆ ಪ್ರೀತಿ ಉಕ್ಕಿ ಬಂತು.

"ನಾನೇ ಬರೆದೆ ಸಾರ್," ಎಂದಳು ನರ್ಸು. ಎದುರಿದ್ದ ಹಾಳೆಗಳನ್ನು ಬೋರಲು ಹಾಕಿದಳು. ಆಮೇಲೆ ಒಂದೊಂದೇ ವಾರ್ಡಿನ ಒಬ್ಬೊಬ್ಬ ರೋಗಿಯ ವಿಷಯ ಹೇಳುತ್ತಾ ಹೋದಳು. ಮಾತು ಎಡವಿತು, ತಪ್ಪಿತು, ಆದರೆ ನಿಲ್ಲಲಿಲ್ಲ. ಪ್ರೊಫೆಸರು ನಡುನಡುವೆ ಅಡ್ಡಪ್ರಶ್ನೆ ಹಾಕಿದರು. ಅವಳು ಉತ್ತರ ಕೊಟ್ಟು, ಬಿಟ್ಟಲ್ಲಿಂದಲೇ ಮತ್ತೆ ಹಿಡಿದಳು.

ಕೊನೆಗೆ ಅವರು ಪೆನ್ನಿಗೆ ಕ್ಯಾಪು ಹಾಕಿದರು. "ಸಾಕಮ್ಮ, ಇದು ನಿಮ್ಮದೇ. ಪಾಸು," ಎನ್ನುತ್ತಾ ಎದ್ದರು.

"ಕೂತ್ಕೊಳ್ಳಿ ಸಾರ್," ಎಂದಳು ನರ್ಸು. "ಕೊನೇ ವಾರ್ಡಿಂದು ಇನ್ನೂ ಹೇಳಿಲ್ಲ."

ಪ್ರೊಫೆಸರು ಕೂತರು.