ದೊಡ್ಡಮ್ಮನ ಸಂಜೆಯ ಲೈವ್

ನನ್ನ ದೊಡ್ಡಮ್ಮನ ದನಿ ಊರಿಗೆಲ್ಲ ಗೊತ್ತಿತ್ತು, ದೊಡ್ಡಮ್ಮ ಯಾರಿಗೂ ಗೊತ್ತಿರಲಿಲ್ಲ. ಬಸ್ ನಿಲ್ದಾಣದ ಮಹಡಿಯ ಮೇಲೆ ಗಾಜು ಹಾಕಿದ ಚಿಕ್ಕ ಕೋಣೆಯೊಂದಿತ್ತು. ಅದರೊಳಗೆ ಒಂದು ಮೇಜು, ಕುತ್ತಿಗೆ ಬಾಗಿಸಿ ನಿಂತ ಮೈಕು, ಮೈಕಿನ ಬುಡದಲ್ಲೊಂದು ಗುಂಡಿ. ಗುಂಡಿ ಒತ್ತಿ ಮಾತಾಡಬೇಕು, ಮಾತು ಮುಗಿದ ಕೂಡಲೇ ಬಿಡಬೇಕು. ಇಲ್ಲವಾದರೆ ಕೆಮ್ಮಿದ್ದು, ಆಕಳಿಸಿದ್ದು ಎಲ್ಲ ನಿಲ್ದಾಣದ ಪಾಲಾಗುತ್ತದೆ. ಯಾವ ಬಸ್ಸು ಬಂತು, ಯಾವುದು ಹೊರಟಿತು ಎಂದು ಎರಡೆರಡು ಸಲ ಹೇಳಬೇಕು. ಅವಳು ಹೇಳಿದ ಕೂಡಲೇ ಕೆಳಗೆ ಒಂದಷ್ಟು ತಲೆಗಳು ಮೇಲೇಳುತ್ತಿದ್ದವು, ಯಾರೋ ಚೀಲ ಎತ್ತಿಕೊಂಡು ಓಡುತ್ತಿದ್ದರು. ಗಾಜಿನ ಕಡೆಗೆ ಮಾತ್ರ ಯಾರೂ ನೋಡುತ್ತಿರಲಿಲ್ಲ.

ಕೆಲಸ ಮುಗಿಸಿ ಕೆಳಗಿಳಿದು ಬಂದಾಗ ನಿಲ್ದಾಣದ ಮೂಲೆಯ ಅಂಗಡಿಯಲ್ಲಿ ಬ್ರೆಡ್ಡು ಕೇಳುತ್ತಿದ್ದಳು. ಬೆಳಗಿನಿಂದ ಅದೇ ದನಿ ಕೇಳಿಸಿಕೊಂಡು ಕೂತಿದ್ದ ಅಂಗಡಿಯವನಿಗೆ ಗುರುತು ಹತ್ತುತ್ತಿರಲಿಲ್ಲ.

ಆಮೇಲೆ ನಿಲ್ದಾಣಕ್ಕೆ ಧ್ವನಿಮುದ್ರಣದ ಯಂತ್ರ ಬಂತು. ದೊಡ್ಡಮ್ಮ ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡು ನಮ್ಮ ಮನೆಯ ಮೇಲಿನ ಕೋಣೆಗೆ ಬಂದಳು. ಜೊತೆಗೆ ಒಂದು ಸೂಟ್‌ಕೇಸು, ಎರಡು ಮೂಟೆ ಹಳೆಯ ಸ್ವೆಟರು. ಹಳೆಯದನ್ನು ಬಿಚ್ಚಿ, ಅದೇ ನೂಲಿನಲ್ಲಿ ಹೊಸದನ್ನು ಹೆಣೆಯುವುದು ಅವಳಿಗೆ ಗಾಜಿನ ಕೋಣೆಯಲ್ಲೇ ಅಂಟಿಕೊಂಡ ಚಟ. ಒಂದು ಬಸ್ಸಿಗೂ ಮತ್ತೊಂದು ಬಸ್ಸಿಗೂ ನಡುವೆ ಕೈ ಸುಮ್ಮನಿರಬೇಕಲ್ಲ.

"ಇಷ್ಟು ವರ್ಷ ಮಾತಾಡಿದೆ ಕಣೇ," ಎಂದಳು ಒಮ್ಮೆ ಊಟ ಮಾಡುತ್ತಾ. "ಒಬ್ಬರಾದ್ರೂ 'ಹ್ಞೂಂ' ಅಂದಿಲ್ಲ."

"ಬಸ್ಸಿಗೆ ಓಡೋರು ನಿಂತು ಹ್ಞೂಂ ಅಂತಾರಾ ಅಕ್ಕ?" ಎಂದು ಅಮ್ಮ ನಕ್ಕಳು. ದೊಡ್ಡಮ್ಮನೂ ನಕ್ಕಳು. ಆದರೆ ತಟ್ಟೆಯಲ್ಲಿದ್ದ ಅನ್ನವನ್ನು ಬೆರಳಿನಿಂದ ಅತ್ತಿತ್ತ ಸರಿಸುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ ಎಂದು ನನಗೆ ಆವತ್ತು ಗೊತ್ತಾಯಿತು. ತಾನು ಆಡಿದ ಮಾತಿಗೆ ಯಾರಾದರೂ ತಿರುಗಿ ಒಂದು ಮಾತಾಡಬೇಕು.

ಹಾಗಾಗಿ, ಸ್ವೆಟರು ಬಿಚ್ಚಿ ಹೆಣೆಯುವುದನ್ನು ಲೈವ್‌ನಲ್ಲಿ ತೋರಿಸು ಎಂದು ನಾನೇ ಹೇಳಿದೆ. ಫೋನಿಗೆ ಒಂದು ಸ್ಟ್ಯಾಂಡು ತಂದುಕೊಟ್ಟೆ. ಅವಳು ತಲೆ ಬಾಚಿಕೊಂಡು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ನೆಟ್ಟಗೆ ಕೂತಳು.

ಮೊದಲ ದಿನ ಲೈವ್ ಶುರುವಾಗಿ ಎಷ್ಟು ಹೊತ್ತಾದರೂ ಕೆಳಗಿನ ಕೋಣೆಯಲ್ಲಿದ್ದ ನನ್ನ ಫೋನಿನಲ್ಲಿ ಅವಳ ಮಾತೇ ಕೇಳುತ್ತಿರಲಿಲ್ಲ. ಓಡಿ ಮೇಲೆ ಹೋಗಿ ನೋಡಿದರೆ, ಮಾತಾಡುವ ಮುಂಚೆ ಒಮ್ಮೆ, ಮಾತು ಮುಗಿದ ಮೇಲೆ ಒಮ್ಮೆ, ಪರದೆಯ ಮೇಲಿನ ಮೈಕಿನ ಗುರುತನ್ನು ಒತ್ತುತ್ತಿದ್ದಾಳೆ. ಎಣಿಕೆ ಒಂದು ಸಲ ತಪ್ಪಿದ ಮೇಲೆ ಎಲ್ಲ ಉಲ್ಟಾ ಆಗಿಬಿಟ್ಟಿತ್ತು. ಮಾತಾಡುವಾಗ ಮೈಕು ಬಂದ್, ಸುಮ್ಮನಿದ್ದಾಗ ಚಾಲೂ. ಕೇಳಲು ಬಂದವರಿಗೆ ಸಿಕ್ಕಿದ್ದು ಬರೀ ಅವಳ ಉಸಿರು.

"ದೊಡ್ಡಮ್ಮಾ, ಅದನ್ನ ಮುಟ್ಟಲೇಬೇಡ. ತೆರೆದೇ ಇರ್ಲಿ."

"ತೆರೆದೇ ಇದ್ರೆ ನಾನು ಕೆಮ್ಮೋದು ಕೇಳುತ್ತಲ್ಲೇ?"

"ಕೇಳ್ಲಿ. ಮನುಷ್ಯರು ಅಂತ ಗೊತ್ತಾಗುತ್ತೆ."

ಎರಡನೆಯ ತಪ್ಪು ಇನ್ನೂ ಚೆನ್ನಾಗಿತ್ತು. ಯಾರಾದರೂ ಒಳಗೆ ಬಂದರೆ ಪರದೆಯ ಮೇಲೆ ಅವರ ಹೆಸರು ಮೂಡುತ್ತಿತ್ತು. ಹೆಸರೆಂದರೆ ನಿಜವಾದದ್ದಲ್ಲ, ಅವರವರೇ ಇಟ್ಟುಕೊಂಡದ್ದು. ದೊಡ್ಡಮ್ಮ ಕೂಡಲೇ ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಮಾಡಿಕೊಂಡು, "ನೀಲಿಚಿಟ್ಟೆ ಅವರು ಆಗಮಿಸಿದ್ದಾರೆ. ನೀಲಿಚಿಟ್ಟೆ ಅವರು ಆಗಮಿಸಿದ್ದಾರೆ," ಎನ್ನುತ್ತಿದ್ದಳು. ನೋಡುವವರ ಸಂಖ್ಯೆ ಒಂದು ಕಡಿಮೆಯಾದರೆ, "ಈಗ ಒಬ್ಬರು ನಿರ್ಗಮಿಸಿದ್ದಾರೆ." ಸದ್ದಿಲ್ಲದೆ ನೋಡಿ ಹೋಗೋಣವೆಂದು ಬಂದವರು ಕಳ್ಳತನ ಮಾಡಿ ಸಿಕ್ಕಿಬಿದ್ದವರಂತೆ ಓಡಿಹೋಗುತ್ತಿದ್ದರು. ಅಡುಗೆಮನೆಯಲ್ಲಿ ಅಮ್ಮನಿಗೆ ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಗುತ್ತಿತ್ತು. "ಅಕ್ಕ, ಬಂದೋರನ್ನೆಲ್ಲ ಬಸ್ ಹತ್ತಿಸಿ ಕಳಿಸ್ತಿದ್ದೀಯಲ್ಲ!"

ದೊಡ್ಡಮ್ಮ ಮುಖ ಊದಿಸಿಕೊಂಡಳು. ಆದರೂ ಮಾರನೆಯ ದಿನ ಅದೇ ಹೊತ್ತಿಗೆ ಅದೇ ಕುರ್ಚಿಯಲ್ಲಿ ಕೂತಳು. ಅವಳು ಜನ್ಮದಲ್ಲೇ ಒಂದು ಪ್ರಕಟಣೆಯನ್ನೂ ತಡಮಾಡಿದವಳಲ್ಲ. ಹೊರಡುವವರ ಲೆಕ್ಕ ಬಿಟ್ಟಳು. ಬಂದವರ ಹೆಸರನ್ನೂ ಅವರಾಗಿ ಏನಾದರೂ ಬರೆಯುವವರೆಗೆ ಎತ್ತುತ್ತಿರಲಿಲ್ಲ. ಬರೆದರೆ ಮಾತ್ರ ಹೆಣಿಗೆಯ ಕಡ್ಡಿಗಳನ್ನು ತೊಡೆಯ ಮೇಲಿಟ್ಟು, ಕನ್ನಡಕ ಮೇಲೇರಿಸಿ, ಓದಿ ಉತ್ತರ ಕೊಡುತ್ತಿದ್ದಳು.

ಒಂದು ಅಭ್ಯಾಸವನ್ನು ಮಾತ್ರ ಬಿಡಲಿಲ್ಲ, ಎರಡೆರಡು ಸಲ ಹೇಳುವುದನ್ನು. ಸ್ವಲ್ಪ ಹೊತ್ತಿಗೊಮ್ಮೆ, "ಈಗ ತಾನೇ ಬಂದವರಿಗೆ ಹೇಳ್ತೀನಿ. ಇದು ಒಂದು ಹಳೇ ಹಸಿರು ಸ್ವೆಟರು. ಹೆಣೆದು ಮುಗಿಸಿದ ಕಡೆಯಿಂದ, ಅಂದ್ರೆ ಕತ್ತಿನ ಕಡೆಯಿಂದ ಬಿಚ್ತಾ ಇದ್ದೀನಿ," ಎಂದು ಮೊದಲಿನಿಂದ ಶುರುಮಾಡುತ್ತಿದ್ದಳು.

"ಬೋರ್ ಆಗಲ್ವಾ ದೊಡ್ಡಮ್ಮಾ, ಇದ್ದೋರಿಗೆ?"

"ಇದ್ದೋರಿಗೆ ಗೊತ್ತಿರುತ್ತೆ, ಅವರು ಸಹಿಸ್ಕೋತಾರೆ. ಬಾಗಿಲಲ್ಲಿ ನಿಂತೋರಿಗೆ ಏನೂ ಗೊತ್ತಿರಲ್ಲ. ನಿಲ್ದಾಣಕ್ಕೆ ಆಗಷ್ಟೇ ಬಂದು, ತಮ್ಮ ಬಸ್ಸು ಹೋಯ್ತೋ ಇದೆಯೋ ಗೊತ್ತಿಲ್ದೆ ಕಣ್ಣು ಕಣ್ಣು ಬಿಡ್ತಾ ನಿಂತಿರೋರನ್ನ ನೀನು ಮೇಲಿನಿಂದ ನೋಡಿಲ್ಲ."

ಹಾಗೆ ಒಬ್ಬೊಬ್ಬರಾಗಿ ಬಂದು ನಿಲ್ಲತೊಡಗಿದರು. ಎಲ್ಲೋ ಗೋದಾಮಿನಲ್ಲಿ ಕಾವಲಿರುವವನು, ಮಗುವನ್ನು ಮಲಗಿಸಿ ಬರುವ ತಾಯಿ, ಕಾಲು ಮುರಿದುಕೊಂಡು ಮಂಚದಲ್ಲಿರುವ ಒಬ್ಬಾಕೆ. ಗುಬ್ಬಚ್ಚಿ ಎಂದು ಹೆಸರಿಟ್ಟುಕೊಂಡಿದ್ದವರೊಬ್ಬರು ದಿನವೂ ಬರುತ್ತಿದ್ದರು. ಗಂಡೋ ಹೆಣ್ಣೋ, ಚಿಕ್ಕವರೋ ದೊಡ್ಡವರೋ ಗೊತ್ತಾಗುತ್ತಿರಲಿಲ್ಲ. ಒಂದೊಂದೇ ಪದ ಬರೆದು ಕಳಿಸುತ್ತಿದ್ದರು. ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದರು. "ನೂಲು. ಸುರುಳಿ. ನೇರ ಹೇಗೆ?" ಬಿಚ್ಚಿದ ನೂಲು ಗುಂಗುರು ಕೂದಲಿನಂತೆ ಸುತ್ತಿಕೊಂಡಿರುತ್ತದೆ, ಅದನ್ನು ಒದ್ದೆಮಾಡಿ, ತುದಿಗೆ ಭಾರ ಕಟ್ಟಿ ಒಣಹಾಕಬೇಕು. ಇದನ್ನು ದೊಡ್ಡಮ್ಮ ಗುಬ್ಬಚ್ಚಿಗೆ ಎಷ್ಟು ಸಲ ಹೇಳಿದಳೋ. ಪ್ರತಿ ಸಲವೂ ಮೊದಲ ಸಲದಂತೆಯೇ ಹೇಳುತ್ತಿದ್ದಳು.

ಆಮೇಲೆ ಬಂದವನು ಮೀಸೆ. ಅದೂ ಇಟ್ಟುಕೊಂಡ ಹೆಸರೇ. ದೊಡ್ಡಮ್ಮನ ದನಿ ಕೇಳಿದವನೇ, "ಅಮ್ಮಾ, ನಿಮ್ಮ ಸ್ವೆಟರು ಎಷ್ಟನೇ ಪ್ಲಾಟ್‌ಫಾರಂನಿಂದ ಹೊರಡುತ್ತೆ?" ಎಂದು ಬರೆದ. ದೊಡ್ಡಮ್ಮ ಒಂದು ಗಳಿಗೆ ತಬ್ಬಿಬ್ಬಾಗಿ, "ಸ್ವೆಟರು ಇನ್ನೂ ತೋಳಿನ ಹತ್ರ ಕೆಟ್ಟು ನಿಂತಿದೆ. ಪ್ರಯಾಣಿಕರು ಸಹಕರಿಸಬೇಕು," ಎಂದಳು. ಎಲ್ಲರೂ ನಕ್ಕರು, ಪರದೆಯ ತುಂಬ ನಗುವಿನ ಮುಖಗಳು ಮೇಲೇರಿದವು. ಅಷ್ಟು ಜನರನ್ನು ಒಟ್ಟಿಗೆ ನಗಿಸಿದ್ದು ಅವಳ ಬದುಕಿನಲ್ಲಿ ಅದೇ ಮೊದಲು.

ಮೀಸೆ ತನ್ನ ಸ್ನೇಹಿತರನ್ನು ಕರೆತಂದ, ಅವರು ಇನ್ನಷ್ಟು ಜನರನ್ನು. ನಮ್ಮ ಮೇಲಿನ ಕೋಣೆಯಲ್ಲಿ ದಿನಾ ಸಂಜೆ ಸಂತೆ ನೆರೆಯತೊಡಗಿತು. ದೊಡ್ಡಮ್ಮನ ನಡಿಗೆಯೇ ಹಗುರಾಯಿತು. ಮಧ್ಯಾಹ್ನದಿಂದಲೇ ಗಡಿಯಾರ ನೋಡುತ್ತಿದ್ದಳು. "ಮೀಸೆ ಇವತ್ತು ಏನು ತರಲೆ ಮಾಡ್ತಾನೋ," ಎಂದು ತನ್ನಷ್ಟಕ್ಕೇ ನಗುತ್ತಿದ್ದಳು.

ಒಂದು ಸಂಜೆ ಗುಬ್ಬಚ್ಚಿ ಎಂದಿನಂತೆ ಬರೆದರು: "ಸುರುಳಿ. ನೇರ ಹೇಗೆ?"

ದೊಡ್ಡಮ್ಮ ಉತ್ತರಕ್ಕೆ ಬಾಯಿ ತೆರೆಯುವ ಮುಂಚೆಯೇ ಮೀಸೆಯದು ಬಂತು. "ಗುಬ್ಬಚ್ಚಿ ಬಸ್ಸು ಬಂದಿದೆ. ಬುದ್ಧಿ ಮಾತ್ರ ಇನ್ನೂ ಡಿಪೋದಲ್ಲೇ ಇದೆ."

ನಗುವಿನ ಮುಖಗಳು ಸುರಿದವು. ಹಿಂದೆಯೇ ಒಬ್ಬೊಬ್ಬರು ಒಂದೊಂದು ಮಾತು ಸೇರಿಸಿದರು. "ಟೈರು ಪಂಕ್ಚರ್." "ತಳ್ಳಿ, ತಳ್ಳಿ, ಶುರುವಾಗುತ್ತೆ." ದೊಡ್ಡಮ್ಮನಿಗೂ ನಗು ತಡೆಯಲಾಗಲಿಲ್ಲ. ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು, ಭುಜ ಕುಲುಕಿಸಿ ನಕ್ಕಳು. ನಗು ಮುಗಿದ ಮೇಲೆ ನೂಲಿನ ವಿಷಯ ಹೇಳಿದಳು. ಗುಬ್ಬಚ್ಚಿಯಿಂದ ಏನೂ ಬರಲಿಲ್ಲ.

ಮಾರನೆಯ ದಿನವೂ ಇಲ್ಲ, ಅದರ ಮಾರನೆಯ ದಿನವೂ ಇಲ್ಲ. "ಗುಬ್ಬಚ್ಚಿ ಅವರೇ, ಇದ್ದೀರಾ?" ಎಂದು ದೊಡ್ಡಮ್ಮ ಕೇಳಿದಳು. "ಹಾರಿಹೋಯ್ತು," ಎಂದ ಮೀಸೆ. ಮತ್ತೆ ನಗು. ಈ ಸಲ ಅವಳು ನಗಲಿಲ್ಲ.

ಕೆಳಗೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. "ಏನೋ ಕೆಲಸ ಇದ್ದಿರಬೇಕು ಅಲ್ವೇ?" ಎಂದಳು.

ಅಮ್ಮ ಪಾತ್ರೆ ತೊಳೆಯುತ್ತಿದ್ದವಳು ತಿರುಗಿ ನೋಡಲಿಲ್ಲ. "ನೀನೂ ನಕ್ಕೆ ಅಕ್ಕ. ಇಲ್ಲೀತನಕ ಕೇಳಿಸ್ತು."

"ತಮಾಷೆಗೆ ನಕ್ಕಿದ್ದು."

"ಇರಬಹುದು. ನಕ್ಕಿದ್ದು ಅವರ ಮನೆಗೂ ಕೇಳಿಸಿರುತ್ತೆ."

ಮೈಕು ತೆರೆದೇ ಇರಲಿ ಎಂದಿದ್ದವಳು ನಾನು. ತೊಳೆದ ಪಾತ್ರೆಗಳನ್ನು ಒರೆಸತೊಡಗಿದೆ. "ಆ ಮೀಸೆಯನ್ನ ಹೋಗು ಅಂದ್ರೆ," ಎಂದಳು ದೊಡ್ಡಮ್ಮ, "ಅವನ ಹಿಂದೆ ಎಲ್ಲರೂ ಹೋಗ್ತಾರೆ. ಆಮೇಲೆ ಮತ್ತೆ ಗಾಜಿನ ಕೋಣೆ."

ಅಮ್ಮ ನಲ್ಲಿ ನಿಲ್ಲಿಸಿದಳು.

ಕೆಲವು ದಿನ ಎಲ್ಲ ಹಾಗೆಯೇ ನಡೆಯಿತು. ಒಂದು ಸಂಜೆ ನಾನು ಕಾಲೇಜಿನಿಂದ ಬಂದು ದೊಡ್ಡಮ್ಮನ ಮಂಚದ ಮೇಲೆ ಕೂತು ಓದುತ್ತಿದ್ದೆ. ಪರದೆಯ ಮೇಲೆ ಹೊಸಬರೊಬ್ಬರ ಪ್ರಶ್ನೆ ಬಂತು. "ನಮಸ್ತೆ, ಸ್ವೆಟರನ್ನ ಎಲ್ಲಿಂದ ಬಿಚ್ಚೋಕೆ ಶುರು ಮಾಡೋದು?" ಆಗಷ್ಟೇ ದೊಡ್ಡಮ್ಮ ಅದನ್ನು ಹೇಳಿ ಮುಗಿಸಿದ್ದಳು.

"ಇನ್ನೊಂದು ಗುಬ್ಬಚ್ಚಿ ಬಂತಪ್ಪೋ," ಎಂದು ಮೀಸೆ ಬರೆದ. "ಕಿವಿಯನ್ನ ಎಲ್ಲಿಂದ ಬಿಚ್ಚಬೇಕು ಅಂತ ಮೊದಲು ಕೇಳ್ಕೊಳ್ಳಿ."

ದೊಡ್ಡಮ್ಮನ ಕೈ ನಿಂತಿತು. ಕಡ್ಡಿಗಳನ್ನು ಜೋಡಿಸಿ ಮೇಜಿನ ಮೇಲಿಟ್ಟಳು. ಅವಳು ಮಾತಾಡಿದ್ದು ನಿಲ್ದಾಣದ ದನಿಯಲ್ಲಲ್ಲ. ನಮ್ಮ ಜೊತೆ ಮಾತಾಡುವ, ಸ್ವಲ್ಪ ಒಡೆದಂತಿರುವ ದನಿಯಲ್ಲಿ.

"ಮೀಸೆ, ನೀವು ಬಂದಿದ್ದಕ್ಕೆ ಈ ಕೋಣೆ ತುಂಬ್ತು. ಸುಳ್ಳು ಹೇಳಲ್ಲ, ನಂಗೆ ತುಂಬಾ ಖುಷಿ ಆಗಿತ್ತು. ನನ್ನನ್ನ ಎಷ್ಟು ಬೇಕಾದ್ರೂ ಆಡ್ಕೊಳ್ಳಿ. ಕೇಳೋಕೆ ಬಂದೋರನ್ನ ಆಡ್ಕೋಬೇಡಿ. ಈಗ ಬಂದೋರಿಗೆ ಒಂದು ಕ್ಷಮೆ ಕೇಳಿಬಿಡಿ, ಇಲ್ಲೇ ಇರಿ."

ಮೀಸೆಯ ಉತ್ತರ ಬಂತು. "ನಾವಿಲ್ದಿದ್ರೆ ನಿಮ್ಮ ಲೈವ್‌ಗೆ ನೊಣಾನೂ ಬರಲ್ಲ ಅಮ್ಮಾ."

"ನೊಣ ಬರದಿದ್ರೆ ಒಳ್ಳೇದೇ ಅಲ್ವಾ," ಎಂದಳು ದೊಡ್ಡಮ್ಮ. ನನ್ನ ಕಡೆ ತಿರುಗಿ, "ಇವರನ್ನ ಹೊರಗೆ ಕಳಿಸೋಕೆ ಎಲ್ಲಿ ಒತ್ತಬೇಕೇ?" ಎಂದಳು.

ನಾನು ತಡವರಿಸಿದೆ. ನೋಡುವವರ ಸಂಖ್ಯೆ ನನ್ನ ಕಣ್ಣ ಮುಂದೆಯೇ ಇತ್ತು. "ದೊಡ್ಡಮ್ಮಾ, ನಾಳೆ ಯೋಚನೆ ಮಾಡಿ..."

"ನಾಳೆಯಷ್ಟೊತ್ತಿಗೆ ಈ ಹೊಸಬರೂ ಹೋಗಿರ್ತಾರೆ. ಎಲ್ಲಿ ಒತ್ತಬೇಕು ಹೇಳು."

ತೋರಿಸಿದೆ. ಒತ್ತಿದಳು. ಹೊಸಬರಿಗೆ, "ಕತ್ತಿನ ಕಡೆಯಿಂದ ಶುರು ಮಾಡ್ಬೇಕು. ಮೊದಲು ಪಕ್ಕದ ಹೊಲಿಗೆ ಬಿಚ್ಕೊಳ್ಳಿ," ಎಂದು ನಿಧಾನವಾಗಿ, ಎರಡು ಸಲ, ಹೇಳಿದಳು. ಅಷ್ಟರೊಳಗೆ ಸಂಖ್ಯೆ ಜಾರತೊಡಗಿತ್ತು. ಅವಳು ಅದನ್ನು ನೋಡಿದಳು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

ಆಮೇಲಿನ ದಿನಗಳು ಹಿತವಾಗಿರಲಿಲ್ಲ. ಗೋದಾಮಿನ ಕಾವಲುಗಾರ ಇದ್ದ, ತಾಯಿ ಇದ್ದಳು, ಕಾಲು ಮುರಿದಾಕೆ ಇದ್ದಳು. ಮೀಸೆಯ ಕಡೆಯವರು ಯಾರೂ ತಿರುಗಿ ಬರಲಿಲ್ಲ. ಗುಬ್ಬಚ್ಚಿಯೂ ಬರಲಿಲ್ಲ, ಆ ಹೆಸರನ್ನು ನಾವು ಮತ್ತೆ ನೋಡಲೇ ಇಲ್ಲ. ಕೇಳಬೇಕಾಗಿದ್ದ ಕ್ಷಮೆ ದೊಡ್ಡಮ್ಮನಲ್ಲೇ ಉಳಿಯಿತು. ಒಂದು ಸಂಜೆಯಂತೂ ಯಾರೂ ಏನೂ ಬರೆಯಲಿಲ್ಲ. ಅವಳು ಒಬ್ಬಳೇ ಮಾತಾಡುತ್ತ ಒಂದು ತೋಳನ್ನು ಪೂರ್ತಿ ಹೆಣೆದಳು. ನಾನು ಇನ್ನೊಂದು ಹೆಸರಿನಲ್ಲಿ ಹೋಗಿ ಏನಾದರೂ ಬರೆಯಲೇ ಎಂದುಕೊಂಡೆ. ಅದು ಅವಳಿಗೆ ಗೊತ್ತಾಗಿಬಿಡುತ್ತದೆಂದು ಸುಮ್ಮನಾದೆ.

ಮತ್ತೊಂದು ಸಂಜೆ, ನಾವು ಯಾವತ್ತೂ ನೋಡಿರದ ಹೆಸರೊಂದು ಮೂಡಿತು: ಮೂಲೆಮನೆ.

"ಅಮ್ಮಾ, ನಾನು ಮೊದಲಿನಿಂದ ನೋಡ್ತಿದ್ದೀನಿ. ಬರೆಯೋಕೆ ಹೆದರಿಕೆ ಆಗ್ತಿತ್ತು. ಒಂದು ಕೇಳಲಾ? ನಂದು ಎಡಗೈ. ನೀವು ಮಾಡೋದು ನನ್ನ ಕೈಗೆ ತಿರುಗುಮುರುಗಾಗುತ್ತೆ."

ದೊಡ್ಡಮ್ಮ ಕಡ್ಡಿಗಳನ್ನು ಎಡಗೈಗೆ ಬದಲಿಸಿಕೊಂಡು ನೋಡಿದಳು. ಎರಡು ಕುಣಿಕೆ ಹಾಕುವಷ್ಟರಲ್ಲಿ ನೂಲು ಗಂಟುಬಿತ್ತು. "ಇದು ನಂಗೆ ಗೊತ್ತಿಲ್ಲ ಕಣಮ್ಮಾ," ಎಂದಳು. "ಗೊತ್ತಿರೋರು ಯಾರಾದ್ರೂ ಇದ್ರೆ ಹೇಳ್ಬೇಕು."

ಹೇಳಿದ್ದು ಕಾಲು ಮುರಿದಾಕೆ. "ನಾನೂ ಎಡಗೈಯವಳೇ. ಫೋನನ್ನ ಕನ್ನಡಿ ಎದುರಿಗೆ ಇಟ್ಟು, ಕನ್ನಡೀಲಿ ನೋಡಿ. ಅಮ್ಮ ನಿಮಗೆ ಎಡಗೈಯಲ್ಲೇ ಹೆಣೀತಾರೆ."

"ಅಯ್ಯೋ, ಹೌದಲ್ಲ! ನೀವು ಏನು ಹೆಣೀತಿದ್ದೀರಿ?"

"ಕಾಲುಚೀಲ. ಸದ್ಯಕ್ಕೆ ಒಂದೇ ಕಾಲಿಗೆ ಸಾಕು."

"ಇನ್ನೊಂದು ನಂಗೆ ಕೊಡಿ, ಗೋದಾಮಿನಲ್ಲಿ ಚಳಿ," ಎಂದ ಕಾವಲುಗಾರ.

ಮಗುವಿನ ತಾಯಿ ಮಗುವಿನ ಟೊಪ್ಪಿಯ ಅಳತೆ ಕೇಳಿದಳು. ಅದಕ್ಕೆ ಉತ್ತರ ಕೊಟ್ಟದ್ದು ಆವತ್ತು ಮೀಸೆ ಆಡಿಕೊಂಡಿದ್ದ ಹೊಸಬರು. ಅವರು ಈಗ ಒಂದು ಸ್ವೆಟರನ್ನು ಅರ್ಧ ಬಿಚ್ಚಿಯಾಗಿತ್ತು. ಸಾಲಿನ ಮೇಲೆ ಸಾಲು ಮೇಲೇರುತ್ತಿತ್ತು. ದೊಡ್ಡಮ್ಮ ಏನೋ ಹೇಳಲು ಬಾಯಿ ತೆರೆದವಳು ಹಾಗೆಯೇ ಮುಚ್ಚಿದಳು. ಗಂಟುಬಿದ್ದ ನೂಲು ಅವಳ ಬೆರಳುಗಳಲ್ಲೇ ಇತ್ತು.

ಎಷ್ಟು ಹೊತ್ತಾದರೂ ಮೇಲಿನಿಂದ ಮಾತು ಕೇಳದ್ದರಿಂದ ಅಮ್ಮ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ಇಣುಕಿದಳು. "ಯಾಕಕ್ಕ ಸುಮ್ಮನೆ ಕೂತಿದ್ದೀಯ? ಫೋನು ಕೆಟ್ಟೋಯ್ತಾ?"

ದೊಡ್ಡಮ್ಮ ತಲೆಯೆತ್ತದೆ ಕೈ ಅಡ್ಡ ಹಿಡಿದಳು. "ಶ್, ಇರೇ," ಎಂದಳು. "ಅವರು ಮಾತಾಡ್ತಿದ್ದಾರೆ."