ಅವ್ವನ ಶಾಲು ಹೊದ್ದವಳು

‘ತ್ಯಾಗಮಯಿ’ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ನಮ್ಮ ಕಡೆ ಹೆಂಗಸರ ಬಗ್ಗೆ ಈ ಮಾತು ಆಡುವವರು ಗಂಡಸರು, ಅದೂ ಉಂಡು ಕೈ ತೊಳೆದ ಮೇಲೆ. ಅವ್ವನಿಗೆ ಎಂಬತ್ತು ತುಂಬುವವರೆಗೆ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ. ತುಂಬಿದ ಮೇಲೆ ನನ್ನ ಚಿಕ್ಕಪ್ಪನಿಗೆ ಅದು ಇದ್ದಕ್ಕಿದ್ದಂತೆ ಹೊಳೆಯಿತು. ಅವನ ಮಗ ಆ ಸಲ ಪಂಚಾಯಿತಿ ಚುನಾವಣೆಗೆ ನಿಲ್ಲುವವನಿದ್ದ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಅವ್ವ ಮಳವಳ್ಳಿ ಕಡೆಯವಳು. ಮದ್ದೂರು ತಾಲ್ಲೂಕಿನ ಕೊಪ್ಪದ ಹತ್ತಿರದ ನಮ್ಮೂರಿಗೆ ಮದುವೆಯಾಗಿ ಬಂದಾಗ ಅವಳಿಗೆ ಸೀರೆ ನೆಟ್ಟಗೆ ಉಡಲೂ ಬರುತ್ತಿರಲಿಲ್ಲವಂತೆ. ಅಪ್ಪನಿಗೆ ತಾಯಿ ಇರಲಿಲ್ಲ. ಇದ್ದವನು ಒಬ್ಬ ತಮ್ಮ, ಮೂಗು ಸುರಿಸಿಕೊಂಡು ಹಟ್ಟಿಯಲ್ಲಿ ತಿರುಗುತ್ತಿದ್ದ ಹುಡುಗ. ಅವನೇ ಈ ಚಿಕ್ಕಪ್ಪ. ಅವನ ತಲೆಯ ಹೇನು ತೆಗೆದವಳು, ಕಜ್ಜಿಗೆ ಬೇವಿನೆಣ್ಣೆ ಹಚ್ಚಿದವಳು, ಮಂಡ್ಯದ ಕಾಲೇಜಿಗೆ ಹೋಗುವಾಗ ಬುತ್ತಿ ಕಟ್ಟಿದವಳು ಅವ್ವ. ಕೊನೆಗೆ ಅವನ ಹೆಂಡತಿಯ ಬಾಣಂತನವನ್ನೂ ಅವಳೇ ಮಾಡಿದಳು. ಇದನ್ನೆಲ್ಲ ಅವನು ಋಣವೆಂದು ಎಂದೂ ತಿಳಿಯಲಿಲ್ಲ. ಹಸು ಹಾಲು ಕೊಡುತ್ತದೆ, ಅತ್ತಿಗೆ ಅನ್ನ ಹಾಕುತ್ತಾಳೆ, ಅಷ್ಟೇ ಅವನ ತಿಳುವಳಿಕೆ.

ಅವ್ವನ ಬೆಳಗು ಮಾರಮ್ಮನ ಗುಡಿಯಲ್ಲಿ ಶುರುವಾಗುತ್ತಿತ್ತು. ಅಂಗಳ ಗುಡಿಸಿ, ಸಗಣಿ ನೀರು ಹಾಕಿ, ರಂಗೋಲಿ ಬಿಡುವ ಕೆಲಸಕ್ಕೆ ಅವಳನ್ನು ಯಾರು ನೇಮಿಸಿದರೋ ನನಗೆ ತಿಳಿಯದು. ಕಾರ್ತಿಕದ ಸೋಮವಾರಗಳಲ್ಲಿ ಬಸ್ಸು ಹಿಡಿದು ಮದ್ದೂರಿಗೆ ಹೋಗಿ, ಅಲ್ಲಿಂದ ವೈದ್ಯನಾಥಪುರಕ್ಕೆ ನಡೆದು ದೀಪ ಹಚ್ಚಿ ಬರುತ್ತಿದ್ದಳು. ಅಪ್ಪ ಸತ್ತ ವರ್ಷ, ಮಾರಮ್ಮನ ಹಬ್ಬ ಹತ್ತಿರ ಬಂದಾಗ, ನೀನು ಇನ್ನು ಮೇಲೆ ತಂಬಿಟ್ಟಿನ ಆರತಿ ಹೊರುವುದು ಬೇಡ ಎಂದು ಊರ ಯಜಮಾನರು ಹೇಳಿ ಕಳಿಸಿದರು. ಗಂಡ ಸತ್ತವಳು ಆರತಿ ಹೊತ್ತರೆ ಊರಿಗೆ ಕೇಡಂತೆ. ಗುಡಿಯ ಅಂಗಳ ಗುಡಿಸಿದರೆ ಕೇಡಿಲ್ಲ. ಅಕ್ಕಿ ಕುಟ್ಟಿ, ಬೆಲ್ಲ ಕಲಸಿ, ಬೀದಿಯ ಅಷ್ಟೂ ಮನೆಯವರಿಗೆ ತಂಬಿಟ್ಟು ಮಾಡಿಕೊಟ್ಟರೂ ಕೇಡಿಲ್ಲ. ಈ ಮಾತನ್ನು ಅವ್ವನಿಗೆ ತಂದು ಮುಟ್ಟಿಸಿದವನೂ ಚಿಕ್ಕಪ್ಪನೇ. ಅವಳು ಮೊರದಲ್ಲಿದ್ದ ಅಕ್ಕಿಯಿಂದ ತಲೆ ಎತ್ತದೆ, “ಆಯ್ತು ಬುಡಪ್ಪ” ಎಂದಳು. ಆ ಊರಿನ ಬಗ್ಗೆ ನನಗಿದ್ದ ಅಷ್ಟಿಷ್ಟು ಮರ್ಯಾದೆಯೂ ಅಂದೇ ಹೋಯಿತು. ಆ ದೇವರ ಬಗ್ಗೆಯೂ ನನಗೆ ಹೇಳಿಕೊಳ್ಳುವಂಥ ಗೌರವ ಉಳಿಯಲಿಲ್ಲ.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಆ ಮನೆಗೆ ಅನ್ನ, ಸಾರು ಹೊತ್ತುಕೊಂಡು ಹೋಗುವುದು ಅವ್ವನ ಇನ್ನೊಂದು ಕೆಲಸ. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ, ನಮ್ಮ ಗದ್ದೆಗೆ ನಾಟಿ ಹಾಕಲು ಬರುತ್ತಿದ್ದ ಊರಾಚೆಯ ದಲಿತರ ಕಾಲೋನಿಯ ಹೆಂಗಸೊಬ್ಬಳು ಹಾವು ಕಚ್ಚಿ ಸತ್ತಳು. ಅವಳ ಮಕ್ಕಳು ಚಿಕ್ಕವು. ಅವ್ವ ದೊಡ್ಡ ಪಾತ್ರೆಯಲ್ಲಿ ಅನ್ನ ಮಾಡಿ, ತಲೆಯ ಮೇಲೆ ಹೊತ್ತು, ಹಾಡಹಗಲಲ್ಲಿ ಊರ ನಡುವಿನ ಬೀದಿಯಲ್ಲೇ ಕಾಲೋನಿಗೆ ಹೋದಳು. ಆ ಮಕ್ಕಳಿಗೆ ಉಣ್ಣಿಸಿ, ಹೆಣ ಎತ್ತುವವರೆಗೆ ಅಲ್ಲೇ ಕೂತಿದ್ದು ಬಂದಳು.

ಬಂದಾಗ ಚಿಕ್ಕಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ. ಆಗ ಅವನು ಕಾಲೇಜು ಹುಡುಗ, ಬೆಲ್‌ಬಾಟಮ್ ಪ್ಯಾಂಟು ಹಾಕಿ ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವನು.

“ಅಂಗೇ ಒಳೀಕ್ ಬರ್ಬೇಡ ಅತ್ಗೆ. ಆ ಪಾತ್ರೆ ನಾಲೆಗೆ ಎಸ್ದು, ತಲೆ ಮೇಲೆ ನೀರುಯ್ಕಂಡ್ ಬಾ” ಎಂದ.

ಅವ್ವ ಮನೆ ಮುಂದಿನ ಹಟ್ಟಿಯಲ್ಲೇ ಉಟ್ಟ ಸೀರೆಯ ಮೇಲೆ ಕೊಡ ನೀರು ಸುರಿದುಕೊಂಡಳು. ಪಾತ್ರೆಯನ್ನು ಮಾತ್ರ ಎಸೆಯಲಿಲ್ಲ. ಬೂದಿ ಹಾಕಿ ಬೆಳಗಿ, ಮಾರನೆಯ ದಿನ ಅದರಲ್ಲೇ ಅನ್ನ ಮಾಡಿದಳು. ಚಿಕ್ಕಪ್ಪ ಮನೆಯಲ್ಲಿ ಉಣ್ಣಲಿಲ್ಲ. ಮದ್ದೂರಿನ ಹೋಟೆಲಿನಲ್ಲಿ ವಡೆ ತಿಂದು ಬಂದು, ಹೊಟ್ಟೆ ಕೆಟ್ಟು, ನಾಲ್ಕನೆಯ ದಿನ ಅದೇ ಪಾತ್ರೆಯ ಗಂಜಿ ಕುಡಿದ.

ಇಂಥವನು, ಅವ್ವನಿಗೆ ಎಂಬತ್ತಾದ ಮೇಲೆ, ನಾನು ಈಗಿರುವ ಮಂಡ್ಯದಿಂದ ಊರಿಗೆ ಹೋಗಿದ್ದ ಒಂದು ಸಂಜೆ, ಬಿಳಿ ಪಂಚೆ ಉಟ್ಟುಕೊಂಡು ಬಂದ. ಅವ್ವ ಈಗ ನನ್ನ ತಮ್ಮನ ಸಂಸಾರದ ಜೊತೆ ಇದ್ದಾಳೆ. ಸೊಪ್ಪು ಸೋಸುತ್ತ ಕೂತಿದ್ದ ಅವಳ ಮುಂದೆ ಅವನು ಕುಕ್ಕರಗಾಲಲ್ಲಿ ಕೂತ.

“ಅತ್ಗಮ್ಮ, ಬಾನ್ವಾರ ಎಲ್ಲೂ ಓಗ್ಬೇಡ. ಮಯಿಳಾ ಸಂಗದಿಂದ ನಿಂಗೆ ಸನ್ಮಾನ ಮಡ್ಗಿವ್ನಿ.”

“ಯಾಕಪ್ಪ, ನಾನೇನ್ ಮಾಡ್ದೆ?”

“ಏನ್ ಮಾಡ್ದೆ ಅಂದ್ರೆ? ಮನೆ, ದೇವ್ರು, ಊರು ಅಂತ ಜೀವ ತೇದಿದ್ದೀಯ.”

“ಅದುಕ್ಕೆಲ್ಲ ಮೈಕ್ ಕಟ್ತರಾ?” ಎಂದಳು ಅವ್ವ.

ಕಟ್ಟಿದ್ದರು. ಹಾಲಿನ ಡೈರಿಯ ಮುಂದೆ ಶಾಮಿಯಾನ ಹಾಕಿ, ಎದುರಿಗೆ ಆಳೆತ್ತರದ ಫ್ಲೆಕ್ಸು ನಿಲ್ಲಿಸಿದ್ದರು. ಅದರಲ್ಲಿ ಚಿಕ್ಕಪ್ಪನ ಮಗ ಕೈ ಮುಗಿದು ನಿಂತಿದ್ದ. ಅವ್ವನ ಮುಖ ಕೆಳಗಿನ ಮೂಲೆಯಲ್ಲಿ, ಬಾಳೆಕಾಯಿ ಬಿಲ್ಲೆಯಷ್ಟಿತ್ತು. ಮುಖ್ಯ ಅತಿಥಿ ಹತ್ತು ಗಂಟೆಗೆ ಬರಬೇಕಿತ್ತು. ಅವ್ವನಿಗೆ ಎಂಟೂವರೆಗೇ ಹೊಸ ಸೀರೆ ಉಡಿಸಿ ಕರೆತಂದು, ಮುಂದಿನ ಸಾಲಿನಲ್ಲಿ ದಿಂಬು ಹಾಕಿದ ಕುರ್ಚಿಯಲ್ಲಿ ಕೂರಿಸಿದರು. ಹನ್ನೊಂದಾಯಿತು, ಹನ್ನೆರಡಾಯಿತು. ನಿರೂಪಣೆಗೆ ಬಂದಿದ್ದ ಮೇಡಮ್ಮು ನಡುನಡುವೆ ಮೈಕು ಹಿಡಿದು, ಅತಿಥಿಗಳು ಇನ್ನೇನು ಆಗಮಿಸಲಿದ್ದಾರೆ ಎನ್ನುತ್ತಿದ್ದಳು. ಬಿಸಿಲಿಗೆ ಶಾಮಿಯಾನದ ಬಟ್ಟೆ ಕಾದು ಸೀದ ವಾಸನೆ ಹೊಡೆಯುತ್ತಿತ್ತು.

ಅವ್ವ ನನ್ನ ಕೈ ಹಿಡಿದು ಮೆಲ್ಲಗೆ, “ಒಂದುಕ್ಕೆ ಓಗ್ಬೇಕು ಕಣವ್ವ” ಎಂದಳು.

ಡೈರಿಯ ಕಕ್ಕಸಿಗೆ ಬೀಗ ಹಾಕಿತ್ತು. ಬೀಗದ ಕೈ ಸೆಕ್ರೆಟರಿಯ ಹತ್ತಿರ, ಸೆಕ್ರೆಟರಿ ಅತಿಥಿಯನ್ನು ಎದುರುಗೊಳ್ಳಲು ಹೋಗಿದ್ದ. ಚಿಕ್ಕಪ್ಪನಿಗೆ ಹೋಗಿ ಹೇಳಿದೆ. ಅವನು ವಾಚು ನೋಡಿಕೊಂಡು, “ಇನ್ನೊಂದ್ ಗಳ್ಗೆ ತಡ್ಕಳಕೆ ಏಳವ್ವ. ಸಾಯೇಬ್ರು ಬಂದಾಗ ಕುರ್ಚಿ ಕಾಲಿ ಇರ್ಬಾರ್ದು” ಎಂದ.

ಬೆನ್ನು ತಿರುಗಿಸಿ ಬಂದೆ. ಅವ್ವನನ್ನು ಎಬ್ಬಿಸಿಕೊಂಡು ಮನೆಗೆ ನಡೆದೆ. ಹಿತ್ತಲಿಗೆ ಹೋಗಿ ಬಂದವಳು ಕಾಲು ತೊಳೆದು, ಒಂದು ಲೋಟ ಮಜ್ಜಿಗೆ ಕುಡಿದು, ಹೊಸ ಸೀರೆ ಬಿಚ್ಚಿ ಹಳೆಯದನ್ನು ಉಟ್ಟು, ನಡುಮನೆಯಲ್ಲಿ ಚಾಪೆ ಹಾಸಿಕೊಂಡಳು.

“ನಾನ್ ಬರಕಿಲ್ಲ. ನೀನೋಗಿ ಏಳ್ಬುಟ್ ಬಾ” ಎಂದಳು.

ಹೇಳಲು ನಾನು ವಾಪಸು ಹೋದಾಗ ಅತಿಥಿ ಬಂದಾಗಿತ್ತು. ವೇದಿಕೆಯ ಮೇಲೆ ಸನ್ಮಾನ ನಡೆಯುತ್ತಿತ್ತು. ಹಾರ ಹಾಕಿಸಿಕೊಂಡು, ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು ನಮ್ಮ ಹಿಂದಿನ ಬೀದಿಯ ಮುದುಕಿ. ಅವಳಿಗೆ ಕಿವಿ ಮಂದ. ತಿಪ್ಪೆಯ ಜಾಗಕ್ಕಾಗಿ ಅವ್ವನ ಜೊತೆ ಎಷ್ಟೋ ವರ್ಷ ಜಗಳವಾಡಿದವಳು. ಅವ್ವನ ಖಾಲಿ ಕುರ್ಚಿಯ ಎದುರಿಗೆ ಫ್ಯಾನಿದೆ ಎಂದು ಬಂದು ಕೂತಿದ್ದಳಂತೆ. ಅವ್ವನ ಹೆಸರು ಕರೆದಾಗ ಶಾಮಿಯಾನದವರ ಕಡೆಯ ಇಬ್ಬರು ಹುಡುಗರು ಅವಳನ್ನೇ ರೆಟ್ಟೆ ಹಿಡಿದು ಮೇಲೆ ಹತ್ತಿಸಿದ್ದರು. ಹೊರಗಿನಿಂದ ಬಂದವರಿಗೆ ಬೇಕಾಗಿದ್ದದ್ದು ನರೆತ ತಲೆಯ ಒಬ್ಬ ಹೆಂಗಸು, ಅದು ಸಿಕ್ಕಿತ್ತು.

ಅತಿಥಿ ಅವಳಿಗೆ ಶಾಲು ಹೊದಿಸಿ, ಈ ತಾಯಿಯ ಮುಖದಲ್ಲೇ ತ್ಯಾಗದ ಕಳೆ ಇದೆ ಎಂದರು. ಶಾಮಿಯಾನದ ಕೆಳಗೆ ನಮ್ಮೂರಿನ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ಒಬ್ಬರೂ ಎದ್ದು ನಿಂತು, ಇವಳಲ್ಲ ಎನ್ನಲಿಲ್ಲ.

ಆಮೇಲೆ ಚಿಕ್ಕಪ್ಪ ಮೈಕಿನ ಮುಂದೆ ಬಂದ. ತಿರುಗಿ ಆ ಮುದುಕಿಯ ಮುಖ ನೋಡಿದ. ಅವನಿಗೆ ಗೊತ್ತಾಯಿತು, ನಾನು ಕಣ್ಣಾರೆ ಕಂಡೆ. ಮೈಕು ಹತ್ತಿರಕ್ಕೆ ಎಳೆದುಕೊಂಡು ಭಾಷಣ ಶುರು ಮಾಡಿದ.

“ನಮ್ಮ ಅತ್ತಿಗೆಯವರು ಜಾತಿ ನೋಡಿದವರಲ್ಲ. ಯಾವ ಕೇರಿಯಲ್ಲಿ ಸಾವಾದರೂ ಅನ್ನ ಹೊತ್ತುಕೊಂಡು ಹೋದ ಮಹಾತಾಯಿ ಇವರು. ನಾವು ಬೆಳೆದದ್ದು ಅಂಥ ಮನೆಯಲ್ಲಿ.”

ಮುದುಕಿ ಏನೂ ಕೇಳಿಸದೆ ತಲೆಯಾಡಿಸುತ್ತಿದ್ದಳು. ಜನ ಚಪ್ಪಾಳೆ ತಟ್ಟಿದರು. ಊಟದ ಹೊತ್ತಾಗಿತ್ತು, ಆಗ ಯಾರಿಗಾದರೂ ತಟ್ಟುತ್ತಿದ್ದರು.

ಅತಿಥಿಯ ಕಾರು ಹೋದ ಮೇಲೆ ಚಿಕ್ಕಪ್ಪನನ್ನು ಶಾಮಿಯಾನದ ಹಿಂದೆ ಹಿಡಿದು ನಿಲ್ಲಿಸಿದೆ.

“ಅದು ಅವ್ವ ಅಲ್ಲ ಅಂತ ನಿನಗೆ ಗೊತ್ತಾಗಲಿಲ್ಲವಾ?”

“ಗೊತ್ತಾಯ್ತು ಕಣವ್ವ. ಸಾಯೇಬ್ರಿಗೆ ಮಳವಳ್ಳೀಲಿ ಇನ್ನೊಂದ್ ಪೋಗ್ರಾಮಿತ್ತು. ಯಾರಾದ್ರೇನು, ಕಾರ್ಯ ನಿಂತೋಗ್ನಿಲ್ವಲ್ಲ.”

ಅವನ ಮುಖದಲ್ಲಿ ನಾಚಿಕೆ ಹುಡುಕಿದೆ. ಸಿಕ್ಕಿದ್ದು ಬರೀ ಬೆವರು.

ಮನೆಗೆ ಬಂದು ನಡೆದದ್ದನ್ನು ಹೇಳಿದೆ. ಅವ್ವ ಎದ್ದು ಕೂತು, “ಆ ತಿಪ್ಪೆಯವ್ಳಿಗಾ?” ಎಂದು ಕೇಳಿ, ಕೆಮ್ಮು ಬರುವಷ್ಟು ನಕ್ಕಳು. ನನಗೆ ನಗು ಬರಲಿಲ್ಲ. ಸಂಜೆ ಹೊತ್ತಿಗೆ ಊರಿನ ವಾಟ್ಸಾಪ್ ಗುಂಪಿಗೆ ಫೋಟೋ ಬಂತು. ಮುದುಕಿಯ ಚಿತ್ರ, ಕೆಳಗೆ ಅವ್ವನ ಹೆಸರು, ಅದರ ಕೆಳಗೆ ಕೈ ಮುಗಿದ ಗುರುತುಗಳ ಸಾಲು. ನಾನು ಬಾಯಿಗೆ ಬಂದದ್ದನ್ನೆಲ್ಲ ಬರೆದು ಕಳಿಸುವುದರಲ್ಲಿದ್ದೆ. ಏನು ಬರೀತಿದ್ದೀಯ ಎಂದು ಅವ್ವ ಕೇಳಿದಳು. ಓದಿ ಹೇಳಿದೆ.

“ಅಳಸಾಕು. ಆ ಮುದ್ಕಿ ಮದ್ಯಾನ್ದಿಂದ ಸಾಲು ಒದ್ಕಂಡು ಜಗ್ಲಿ ಮೇಲ್ ಕೂತವ್ಳೆ. ಅವ್ಳ ಸೊಸೇನೂ ಇವತ್ತು ಬಯ್ದಿಲ್ಲ. ಒಂದಿನ ಕೂತ್ಕಳ್ಳಿ ಬುಡು.”

“ಅದು ನಿನಗೆ ಅಂತ ತಂದಿದ್ದಲ್ಲವಾ?”

“ನಂಗ್ಯಾತುಕ್ಕೆ ಅವ್ರ್ ಸಾಲು. ಒದ್ಕಂಡ್ರೆ ಮೈ ಕಡ್ದಾತು.”

ಅಳಿಸಿದೆ. ಆ ಗುಂಪಿನಿಂದಲೂ ಹೊರಬಂದೆ.

ಚುನಾವಣೆಯಲ್ಲಿ ಚಿಕ್ಕಪ್ಪನ ಮಗ ಗೆದ್ದ. ಅವ್ವನೂ ಅವನಿಗೇ ಓಟು ಹಾಕಿದಳೆಂದು ತಮ್ಮ ಹೇಳಿದ. ನನಗೆ ಸಿಟ್ಟು ನೆತ್ತಿಗೇರಿತು. ಆ ಭಾನುವಾರವೇ ಬಸ್ಸು ಹತ್ತಿ ಊರಿಗೆ ಹೋದೆ. ನಿನಗೆ ಹಾಗೆ ಮಾಡಿದವರಿಗೆ ಓಟು ಹಾಕಲು ಮನಸ್ಸಾದರೂ ಹೇಗೆ ಬಂತು ಎಂದು ಬಾಗಿಲಲ್ಲೇ ನಿಂತು ಕೇಳಿದೆ.

ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. “ಕೂತ್ಕ ಬಾ” ಎಂದು ನನ್ನ ಮುಂದೆ ಒಂದು ರಾಶಿ ಕಾಯಿ ಸುರಿದಳು. ಆಮೇಲೆ ಹೇಳಿದಳು: “ಸೋತಿದ್ರೆ ನಿಮ್ ಚಿಕ್ಕಪ್ಪ ದಿನಾ ಬಂದು ಇಲ್ಲೇ ಕೂತ್ಕಂಡು ಗೋಳಾಡ್ತಿದ್ದ. ಕಾಪಿ ಕಾಯ್ಸಿ ಕೊಟ್ಟು, ಅವನ್ ಮಾತ್ ಕೇಳಿ, ಸಮಾದಾನ ನಾನೇ ಮಾಡ್ಬೇಕಾಗಿತ್ತು. ಈಗ ಗೆದ್ದವ್ನೆ. ಇನ್ ಈ ಕಡೆ ತಲೆ ಆಕಕಿಲ್ಲ.”

ಅವಳು ಹೇಳಿದಂತೆಯೇ ಆಯಿತು. ಗೆದ್ದ ದಿನ ಒಂದು ಡಬ್ಬಿ ಮೈಸೂರು ಪಾಕು ಕಳಿಸಿದ್ದು ಬಿಟ್ಟರೆ, ಚಿಕ್ಕಪ್ಪ ಇವತ್ತಿನವರೆಗೂ ಆ ಬಾಗಿಲಿಗೆ ಬಂದಿಲ್ಲ.