ಏಡಿಗೆ ಬಾಡಿಗೆ ಮನೆ ಸಿಕ್ಕಿದ್ದು

ಗೆಳೆಯರೇ, ನನ್ನ ಹೊಸ ಉಪ್ಪುನೀರಿನ ಅಕ್ವೇರಿಯಂನ ಗಾಜಿಗೆ ಪಾಚಿ ಹಿಡಿದಿತ್ತು. ಅದನ್ನು ತಿನ್ನಲೆಂದು ಇಂದು ಆರ್.ಟಿ. ನಗರದಿಂದ ಕೆಲವು ಬಸವನಹುಳುಗಳನ್ನೂ ಒಂದು ಪುಟ್ಟ ಏಡಿಯನ್ನೂ ತಂದೆ. ಸಸ್ಯಾಹಾರಿಗಳಿಗೆ ಮಾತ್ರ ಮನೆ ಬಾಡಿಗೆ ಕೊಡುವ ಓನರ್ ಆಂಟಿ ಗೇಟಿನಲ್ಲೇ ತಡೆದರು.

"ಇವೇನ್ ತಿನ್ನುತ್ವೆ?"

"ಪಾಚಿ, ಆಂಟಿ."

"ಬರೀ ಪಾಚಿನಾ?"

"ಹುಳುಗಳು ಬರೀ ಪಾಚಿ. ಏಡಿ ಮಾತ್ರ ಹಸಿವು ಜಾಸ್ತಿಯಾದ್ರೆ ಹುಳುನೂ ತಿನ್ನುತ್ತೆ."

"ಅಯ್ಯೋ! ಅದನ್ನ ವಾಪಸ್ ಕೊಟ್ಬಿಡಿ."

"ಅಂಗಡಿಯವರು ವಾಪಸ್ ತಗೊಳಲ್ಲ, ಆಂಟಿ."

ಅವರು ಕವರಿನೊಳಗೆ ಇಣುಕಿ ಯೋಚಿಸಿದರು.

"ಇರ್ಲಿ ಬಿಡಿ. ನಮ್ಮನೇಲಿದ್ರೆ ತಾನಾಗೇ ಬಿಟ್ಬಿಡುತ್ತೆ. ನಮ್ಮ ಅಳಿಯಂದ್ರು ನಾನ್‌ವೆಜ್ ಬಿಡ್ಲಿಲ್ವಾ?"

ಏಡಿ ಇನ್ನೂ ಪಾಚಿಯ ಕಡೆ ತಿರುಗಿಲ್ಲ. ದಪ್ಪನೆಯ ಹುಳುವೊಂದರ ಹಿಂದೆಯೇ ಓಡಾಡುತ್ತಿದೆ. ನನಗೀಗ ಆ ಅಳಿಯಂದಿರ ಮೇಲೂ ಅನುಮಾನ.